ಎಡಗಡೆಯ ಮಸುಕು

ಮದುವೆಯ ಫೋಟೊ ಕೈಗೆ ಕೊಟ್ಟರೆ ಲೋಕವೆಲ್ಲ ವಧೂವರರ ಮುಖ ನೋಡುತ್ತದೆ. ನಮ್ಮ ಪರೀಕ್ಷಕರು ಮಾತ್ರ ಎಡಗಡೆಯ ಮೂಲೆ ನೋಡುತ್ತಿದ್ದರು. ಅಲ್ಲಿ ನಿಂತ ಯಾವುದೋ ಚಿಕ್ಕಪ್ಪನ ಕಿವಿ ಕೊಂಚ ಮಸುಕಾಗಿದ್ದರೆ ಸಾಕು, ಬೂದುಬಣ್ಣದ ಕೋಟಿನ ಒಳಜೇಬಿನಿಂದ ಭೂತಗನ್ನಡಿ ಹೊರಬರುತ್ತಿತ್ತು, ತುಟಿ ಓರೆಯಾಗುತ್ತಿತ್ತು, ಯಾರಿಗೂ ಏನೂ ಹೇಳಿರದಿದ್ದರೂ "ನಾನ್ ಹೇಳ್ಲಿಲ್ವಾ" ಎಂಬ ಮಾತು ತಾನಾಗಿ ಉದುರುತ್ತಿತ್ತು. ಕ್ಯಾಮೆರಾ ವ್ಯಾಪಾರದ ಮಂದಿ ಬೆನ್ನ ಹಿಂದೆ ಅವರನ್ನು 'ಎಡಗಡೆ' ಎಂದೇ ಕರೆಯುತ್ತಿದ್ದರು.

ಲೆನ್ಸುಗಳನ್ನೂ, ಕ್ಯಾಮೆರಾದೊಳಗೆ ಬೆಳಕನ್ನು ಚಿತ್ರವಾಗಿಸುವ ಸೆನ್ಸರುಗಳನ್ನೂ ಒಂದರ ಪಕ್ಕ ಒಂದಿಟ್ಟು ಹೋಲಿಸಿ ಪತ್ರಿಕೆಗೆ ಬರೆಯುವುದು ಅವರ ವೃತ್ತಿ. ಅವರ ತೀರ್ಪು ಅಚ್ಚಾಗುವ ತನಕ ಅಂಗಡಿಯವರು ಸರಕು ತರಿಸುತ್ತಿರಲಿಲ್ಲ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನರ ನಡುವೆ ಇವರು ಎತ್ತನ್ನೂ ಕೊಟ್ಟಿಗೆಯನ್ನೂ ಒಟ್ಟಿಗೇ ಸಂದೇಹಿಸುವವರು. ಪರೀಕ್ಷೆಗೆಂದು ಕಂಪನಿಗಳು ಆರಿಸಿ ತೆಗೆದ ಲೆನ್ಸನ್ನೇ ಕಳಿಸುತ್ತವೆಂಬ ಗುಮಾನಿಯಿಂದ ಪರಿಚಯದವರ ಹೆಸರಿನಲ್ಲಿ ಕೊಂಡು ತರಿಸುತ್ತಿದ್ದರು, ಪೆಟ್ಟಿಗೆಯ ಅಂಟುಪಟ್ಟಿಯನ್ನು ಬೆಳಕಿಗೆ ಹಿಡಿದು ಯಾರಾದರೂ ಮೊದಲೇ ಬಿಚ್ಚಿದ್ದಾರೆಯೇ ಎಂದು ನೋಡುತ್ತಿದ್ದರು. ಅವರ ನಡಿಗೆಯೂ ಅಂಥದ್ದೇ. ಪಾದ ಊರುವ ಮುನ್ನ ಬೂಟಿನ ತುದಿಯಿಂದ ನೆಲವನ್ನೊಮ್ಮೆ ತಟ್ಟಿ ನೋಡುತ್ತಿದ್ದರು.

ಇಂಥ ಸಂಶಯಾತ್ಮರಿಗೆ ಪೂರ್ಣವಿಶ್ವಾಸವಿದ್ದದ್ದು ಹಿತ್ತಲಿನ ಇಟ್ಟಿಗೆ ಗೋಡೆಯೊಂದರಲ್ಲಿ. ಅವರ ತಂದೆ ಎದುರು ನಿಂತು ಕಟ್ಟಿಸಿದ ಗೋಡೆ ಅದು. ಅದರಿಂದ ಹತ್ತಡಿ ದೂರದಲ್ಲಿ ಕ್ಯಾಮೆರಾದ ಮುಕ್ಕಾಲಿ ಕದಲದಂತೆ ಇವರು ನೆಲಕ್ಕೆ ಮೂರು ಗೂಟ ಹೊಡೆದಿದ್ದರು. ಬೆಳಗಿನ ಹತ್ತು ಗಂಟೆಗೆ, ಪ್ರತಿ ಲೆನ್ಸಿನಲ್ಲೂ, ಅದೇ ಇಟ್ಟಿಗೆಗಳ ಚಿತ್ರ. ನಡುವೆ ಗಾರೆಯ ಗೆರೆಗಳು ಕೂದಲೆಳೆಯಷ್ಟು ಸ್ಪಷ್ಟ, ಎಡಗಡೆ ಮಸುಕು. ಹೊಸ ಸೆನ್ಸರು ಸೂಕ್ಷ್ಮವಾದಷ್ಟೂ ಮಸುಕು ಎದ್ದು ಕಾಣುತ್ತಿತ್ತು. ಹಳೆಯ ಸೆನ್ಸರಿನಲ್ಲಿ ಅದು ಅಷ್ಟಾಗಿ ತೋರದಿದ್ದುದರಿಂದ ಹಳೆಯದು ಸಜ್ಜನ, ಹೊಸದು ಕಪಟಿ ಎಂದು ತೀರ್ಮಾನಿಸಿಬಿಟ್ಟರು. "ಎಡಗಡೆ ಯಾರೂ ನೋಡಲ್ಲ ಅಂತ ಕಂಪನಿಯವ್ರಿಗೆ ಗೊತ್ತು, ಅಲ್ಲೇ ಉಳಿತಾಯ ಮಾಡ್ತಾರೆ" ಎನ್ನುತ್ತಿದ್ದರು. ಬೇರೆ ಪರೀಕ್ಷಕರಿಗೆ ಇದು ಕಾಣದಿದ್ದರೆ, ಅವರು ಮಾರಿಹೋಗಿದ್ದಾರೆಂದೇ ಅರ್ಥ.

ಅವರ ಹೆಂಡತಿಯ ತಮ್ಮ ಲೆನ್ಸ್ ರಿಪೇರಿ ಮಾಡುವವನು. ಕೆಟ್ಟು ಮೂಲೆಗೆ ಬಿದ್ದಿದ್ದ ಒಂದು ದೊಡ್ಡ ಲೆನ್ಸನ್ನು ಬಿಚ್ಚಿ, ಆರು ತಿಂಗಳು ಕೂತು, ಒಳಗಿನ ಗಾಜುಗಳನ್ನು ಒಂದೇ ನೇರಕ್ಕೆ ಕೂರಿಸಿ ಭಾವನ ಮುಂದೆ ತಂದಿಟ್ಟ. ಅವರು ನಾಲ್ಕು ಒಳ್ಳೆಯ ಸಾಲು ಬರೆದಿದ್ದರೆ ಅವನ ಹೊಸ ಅಂಗಡಿ ಕಾಲೂರಿ ನಿಲ್ಲುತ್ತಿತ್ತು. ಬರೆದದ್ದು ಎರಡೇ: ಎಡಗಡೆ ಮಸುಕು, ಗಾಜು ಕೂರಿಸಿದ ಕೈ ಅವಸರದ್ದು. ಅವನು ಬಂದು ಬೇಡಿಕೊಂಡ.

"ಭಾವ, ಕ್ಯಾಮೆರಾನ ತಲೆಕೆಳಗೆ ಮಾಡಿ ಒಂದು ತೆಗೀರಿ. ಆಮೇಲೆ ಚಿತ್ರ ನೆಟ್ಟಗೆ ಮಾಡ್ಕೊಂಡು ನೋಡಿ. ತಪ್ಪು ಲೆನ್ಸಿಂದಾಗಿದ್ರೆ ಮಸುಕು ಬಲಗಡೆಗೆ ಹೋಗಿರುತ್ತೆ."

ನೆಂಟನ ಬಾಯಿಂದ ಬಂದ ಸಲಹೆಯಾದ್ದರಿಂದಲೇ ಅದರಲ್ಲೇನೋ ಮಸಲತ್ತಿದೆಯೆಂದು ಅವರಿಗೆ ಅನ್ನಿಸಿತು. ತೆಗೆಯಲಿಲ್ಲ. ಅಂದಿನಿಂದ ಮೂರು ವರ್ಷ ಅವನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಹೆಂಡತಿ ಜಗಳವಾಡಲಿಲ್ಲ; ತಮ್ಮನ ಮಾತೆತ್ತುವುದನ್ನೇ ಬಿಟ್ಟರು. ಆ ಮೌನದ ಹಿಂದೆ ಅಕ್ಕ ತಮ್ಮಂದಿರ ಸಂಚೇನಿರಬಹುದೆಂದೂ ಪರೀಕ್ಷಕರು ಕೆಲಕಾಲ ಯೋಚಿಸಿದ್ದುಂಟು.

ಕೊನೆಗೆ, ಬಿರುಕು ಬಿಟ್ಟಿದ್ದ ಗೋಡೆಯ ತಲೆಯನ್ನು ಸರಿಮಾಡಲು ಬಂದ ಗಾರೆಯವನು ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಎಡಗಡೆ ಇಳಿಬಿಟ್ಟು, ತಲೆ ಕೆರೆದುಕೊಂಡ.

"ಇಲ್ಲಿ ಹೊಟ್ಟೆ ಬಿಟ್ಟಿದೆ ಸ್ವಾಮಿ. ನಾಲ್ಕು ಬೆರಳು ಮುಂದಕ್ಕಿದೆ. ಕಟ್ಟಿದಾಗ್ಲೇ ಹೀಗೆ."

ಗೋಡೆ ಕೆಡವಿಸಿ ದೊಡ್ಡ ಕೆಲಸ ಗಿಟ್ಟಿಸುವ ಹೂಟವೆಂದು ಅವರು ಮೊದಲು ಅವನನ್ನೇ ಶಂಕಿಸಿದರು. ದಾರವನ್ನು ಎಳೆದು ನೋಡಿದರು, ಗುಂಡನ್ನು ಬೇರೆ ಕಂಬದ ಪಕ್ಕ ಇಳಿಬಿಟ್ಟು ನೋಡಿದರು. ಆಮೇಲೆ ಒಳಗೆ ಹೋಗಿ ಕ್ಯಾಮೆರಾ ತಂದರು, ಮೂರು ಗೂಟಗಳ ನಡುವೆ ಅದನ್ನು ತಲೆಕೆಳಗೆ ನಿಲ್ಲಿಸಿ ಒಂದು ಚಿತ್ರ ತೆಗೆದರು. ನೆಟ್ಟಗೆ ಮಾಡಿ ನೋಡಿದರೆ ಮಸುಕು ಬಲಕ್ಕೆ ಹೋಗಿರಲಿಲ್ಲ. ಅವೇ ಎಡಗಡೆಯ ಇಟ್ಟಿಗೆಗಳ ಮೇಲೆ ಕೂತಿತ್ತು; ಗೋಡೆಯ ನಡುವಿಗೆ ಹಿಡಿದ ಫೋಕಸು ನಾಲ್ಕು ಬೆರಳು ಮುಂದಿದ್ದ ಆ ಇಟ್ಟಿಗೆಗಳಿಗೆ ಯಾವತ್ತೂ ತಾಕಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಮೈದುನನ ಅಂಗಡಿ ಈಗ ಮೊದಲಿನ ಕಾಲುಭಾಗಕ್ಕೆ ಇಳಿದಿತ್ತು. ಅವನು ಯಾರದೋ ಮೊಬೈಲಿಗೆ ಗಾಜಿನ ಹಾಳೆ ಅಂಟಿಸುತ್ತಿದ್ದ. ಇವರು ಹೊಸ್ತಿಲಾಚೆಯೇ ನಿಂತು, ಆ ಲೆನ್ಸ್ ಇನ್ನೂ ಇದೆಯೇ ಎಂದು ಕೇಳಿದರು.

"ಇದೆ ಭಾವ. ನೀವು ಬೇಡ ಅಂದಿದ್ದನ್ನ ಯಾರು ತಗೋತಾರೆ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವರನ್ನು ಹೆಚ್ಚು ಚುಚ್ಚಿತು. ಮುಂದಿನ ಸಂಚಿಕೆಯಲ್ಲಿ ಅವರು ಬರೆದರು: ಹನ್ನೆರಡು ವರ್ಷ ನಾನು ಪರೀಕ್ಷಿಸಿದ್ದು ಲೆನ್ಸುಗಳನ್ನಲ್ಲ, ನನ್ನ ಗೋಡೆಯನ್ನು. ಮೈದುನನ ಕೈಚಳಕದ ಬಗ್ಗೆ ನಾಲ್ಕಲ್ಲ, ನಲವತ್ತು ಸಾಲು ಬರೆದರು. ಅದನ್ನು ಓದಿದ ಅಂಗಡಿಯವರು, ನೆಂಟನಿಗಾಗಿ ಬರೆದದ್ದಿರಬೇಕೆಂದು ಶಂಕಿಸಿದರು.

ಎಲ್ಲವನ್ನೂ ಅನುಮಾನಿಸುತ್ತಾರೆಂದು ನಾವು ಹೆದರುವ ಈ ಬಗೆಯ ಮನುಷ್ಯರು ನಿಜಕ್ಕೂ ಎಲ್ಲವನ್ನೂ ಅನುಮಾನಿಸುವುದಿಲ್ಲ. ನಿಂತು ಅನುಮಾನಿಸುವುದಕ್ಕೂ ಒಂದು ಜಾಗ ಬೇಕಲ್ಲ. ಚಿಕ್ಕಂದಿನಲ್ಲೇ ಎಲ್ಲೋ ಒಂದು ಗೋಡೆಯನ್ನು ಅವರು ಕಣ್ಣುಮುಚ್ಚಿ ನಂಬಿರುತ್ತಾರೆ. ಆ ಗೋಡೆ ಸೊಟ್ಟಗಿದ್ದರೆ ಅದರ ದಂಡ ತೆರುವವರು ಅವರಲ್ಲ, ಅವರ ಎದುರಿಗೆ ತಮ್ಮ ಕೆಲಸವನ್ನು ಪ್ರೀತಿಯಿಂದ ತಂದಿಟ್ಟವರು.