ಹಸಿ ವಾಸನೆ

ನಮ್ಮ ಅಡುಗೆಮನೆಯ ಕಿಟಕಿ ಪಕ್ಕದ ಮೊಳೆಯಲ್ಲಿ ಒಂದು ಬಾಗಿದ ಪಟ್ಟಿ ಬಹಳ ಕಾಲ ತೂಗುತ್ತಿತ್ತು. ಹೆಬ್ಬೆರಳು ದಪ್ಪದ ತಡಸಲು ಮರದ ಪಟ್ಟಿ. ಅರ್ಧಚಂದ್ರದ ಹಾಗೆ ಕೊಯ್ದ ಹಲಗೆಯ ಅಚ್ಚಿಗೆ ಅದನ್ನು ಹುರಿಹಗ್ಗದಿಂದ ಬಿಗಿದು ಕಟ್ಟಿತ್ತು. ಬಾಗಿನ ನಡುಮಧ್ಯೆ ಅದು ಒಡೆದು, ನಾರು ಎದ್ದು, ಏನೋ ಹೇಳಲು ಹೋಗಿ ನಿಂತ ಬಾಯಿಯ ಹಾಗೆ ಕಾಣುತ್ತಿತ್ತು. ಮನೆಗೆ ಬಂದವರು, "ಇದನ್ನ ಯಾಕಮ್ಮ ಇಟ್ಕೊಂಡಿದೀರಿ? ಒಲೆಗೆ ಹಾಕಬಾರದಾ?" ಎನ್ನುತ್ತಿದ್ದರು. "ಅವರು ಕಟ್ಟಿದ್ದು. ಬಿಚ್ಚೋದಿದ್ರೆ ಅವರೇ ಬಿಚ್ಚಲಿ" ಎಂದು ನಾನು ಒಗ್ಗರಣೆಯ ಕಡೆ ತಿರುಗಿಬಿಡುತ್ತಿದ್ದೆ.

ಅವರು ಎಂದರೆ ನನ್ನ ಯಜಮಾನರು. ಊರಿನವರ ಬಾಯಲ್ಲಿ ಗುರುಸಿದ್ದಪ್ಪ ಮೇಷ್ಟ್ರು. ಶಾಲೆಯಲ್ಲಿ ಕ್ರಾಫ್ಟ್ ಪಾಠ ಹೇಳುತ್ತಿದ್ದರು. ಲೆಕ್ಕದ ಮೇಷ್ಟ್ರಿಗಿದ್ದ ಮರ್ಯಾದೆ ಕ್ರಾಫ್ಟ್ ಮೇಷ್ಟ್ರಿಗೆ ಇರಲಿಲ್ಲ. ಯಾರು ರಜಾ ಹಾಕಿದರೂ ಆ ತರಗತಿಯ ಗಲಾಟೆ ಕಾಯಲು ಇವರನ್ನೇ ಕಳಿಸುತ್ತಿದ್ದರು. ಅದನ್ನು ಅವರು ಮನೆಯಲ್ಲಿ ಹೇಳುತ್ತಿರಲಿಲ್ಲ. ಸಂಜೆ ಚಪ್ಪಲಿ ಬಿಡುವ ಸದ್ದಿನಲ್ಲೇ ನನಗೆ ತಿಳಿಯುತ್ತಿತ್ತು.

ಒಂದು ದಿನ ಯಾರದೋ ಮನೆಯಲ್ಲಿ ಒಂದೇ ಕೋಲನ್ನು ಬಾಗಿಸಿ ಬೆನ್ನು ಮಾಡಿದ ಕುರ್ಚಿ ನೋಡಿ ಬಂದರು. ಊಟಕ್ಕೆ ಕೂತವರು ಅನ್ನ ಕಲಸುವುದನ್ನೇ ಮರೆತರು. "ಕೀಲಿಲ್ಲ, ಮೊಳೆ ಇಲ್ಲ ಕಣೇ. ಮರಾನೇ ಹಗ್ಗದ ಹಾಗೆ ಸುತ್ತಿದಾರೆ!" ಎಂದರು. ಮರುದಿನವೇ ನನ್ನ ದೊಡ್ಡ ತಪ್ಪಲೆಯ ಮುಚ್ಚಳಕ್ಕೆ ತೂತು ಬಿತ್ತು. ಮಳೆನೀರಿಗೆಂದು ತಂದ ತಗಡಿನ ಕೊಳವೆಯನ್ನು ಆ ತೂತಿಗೆ ಕೂರಿಸಿ, ಸಂದಿಗೆ ಗೋಧಿಹಿಟ್ಟು ಮೆತ್ತಿದರು. ಕೊಳವೆಯೊಳಗೆ ನೆನೆಸಿದ ಪಟ್ಟಿಯನ್ನು ತೂರಿಸಿ, ಬಾಯಿಗೆ ನನ್ನ ಹಳೆ ಸೀರೆಯ ಚಿಂದಿ ತುರುಕಿದರು. ತಪ್ಪಲೆಯ ನೀರು ಕುದಿದರೆ ಆವಿಯೆಲ್ಲ ಕೊಳವೆಗೆ ನುಗ್ಗಿ ಮರ ಬೇಯುತ್ತಿತ್ತು.

ಪಕ್ಕದ ಮನೆಯ ಸಾವಂತ್ರಮ್ಮ ಗೋಡೆಯ ಮೇಲಿಂದ ಇಣುಕಿ, "ಏನೇ, ಸೌದೆ ಹಾಕಿ ಬೇಳೆ ಬೇಯಿಸೋದು ಕಂಡಿದ್ದೆ, ಸೌದೇನೇ ಬೇಯಿಸೋದು ಇವತ್ತೇ ಕಂಡಿದ್ದು. ಉಪ್ಪು ಖಾರ ಸರಿಯಾಗಿ ಹಾಕು" ಎಂದಳು.

ಮೊದಲ ಎರಡು ತಿಂಗಳು ಒಂದು ಪಟ್ಟಿಯೂ ಬಾಗಲಿಲ್ಲ. ಗಡಿಯಾರ ನೋಡಿ ತೆಗೆಯುತ್ತಿದ್ದರು, ಅಚ್ಚಿಗೆ ಒತ್ತುತ್ತಿದ್ದರು, ಚಟ್ ಎನ್ನುತ್ತಿತ್ತು. ಎಲ್ಲ ಮರಕ್ಕೂ ಒಂದೇ ಹೊತ್ತು ಸಾಲದು ಎಂದು ಅಡುಗೆ ಮಾಡುವವಳಿಗೆ ಗೊತ್ತು. ಹೊಸ ಅಕ್ಕಿ ಬೇಗ ಬೇಯುತ್ತದೆ, ಹಳೆ ಅಕ್ಕಿ ಕಾಯಿಸುತ್ತದೆ. ಅಕ್ಕಿಯನ್ನಾದರೆ ಒಂದು ಅಗುಳು ಹಿಸುಕಿ ನೋಡಬಹುದು. ಕೊಳವೆಯೊಳಗಿನ ಮರವನ್ನು ಹಿಸುಕುವುದು ಹೇಗೆ? ಆದರೆ ಚಿಂದಿಯ ಸಂದಿಯಿಂದ ಬರುವ ಆವಿಗೆ ಒಂದು ವಾಸನೆ ಇತ್ತು. ಮೊದಮೊದಲು ಹಸಿ ತೊಗಟೆಯ ಒಗರು ವಾಸನೆ. ಎಷ್ಟೋ ಹೊತ್ತಿನ ಮೇಲೆ ಅದು ಇದ್ದಕ್ಕಿದ್ದ ಹಾಗೆ ತಿರುಗಿ, ಬೇಯಿಸಿದ ಗೆಣಸಿನ ಹಾಗೆ ಸಿಹಿಯಾಗುತ್ತಿತ್ತು.

"ಇನ್ನೂ ಹಸಿ ವಾಸನೆ ಇದೆ ರೀ" ಎಂದೆ ಒಂದು ದಿನ.

"ಇದೇನು ನಿನ್ನ ಸಾರು ಅಂದ್ಕೊಂಡ್ಯಾ?" ಎಂದು ನಕ್ಕು, ತೆಗೆದು ಒತ್ತಿದರು. ಮುರಿಯಿತು. ಮುಂದಿನ ಪಟ್ಟಿಗೆ ಅವರು ನನ್ನ ಮುಖ ನೋಡಿದರು. ವಾಸನೆ ತಿರುಗುವವರೆಗೆ ಕಾದು, "ಆಯ್ತು, ತಗೀರಿ" ಎಂದೆ. ಪಟ್ಟಿ ಒದ್ದೆ ಬಟ್ಟೆಯ ಹಾಗೆ ಅಚ್ಚಿನ ಸುತ್ತ ಮಲಗಿತು. ಅವರು ಅದನ್ನು ಕಟ್ಟುವುದನ್ನೂ ಮರೆತು ನನ್ನನ್ನೇ ನೋಡುತ್ತ ನಿಂತರು. "ಕಟ್ರೀ, ಆರಿಹೋಗುತ್ತೆ" ಎಂದು ನಾನೇ ಹಗ್ಗ ಕೊಟ್ಟೆ.

ಅಲ್ಲಿಂದ ಮುಂದೆ ಅದೇ ನಮ್ಮ ಪದ್ಧತಿಯಾಯಿತು. ಅವರು ಕೈಗೆ ಗೋಣಿತಟ್ಟು ಸುತ್ತಿಕೊಂಡು ನಿಂತು "ಆಯ್ತೇನೇ?" ಎನ್ನುವುದು, ನಾನು "ಇನ್ನೂ" ಅಥವಾ "ಆಯ್ತು, ತಗೀರಿ" ಎನ್ನುವುದು. ಸಾವಂತ್ರಮ್ಮನ ಜರಡಿಗೆ ಬಳೆ, ಹೆಡ್‌ಮಾಸ್ತರ ಕೊಡೆಗೆ ಹಿಡಿ, ತಟ್ಟೆಗಳಿಗೆ ಅಂಚು, ಎಷ್ಟೋ ಮಾಡಿದರು. ಒಂದೂ ಮುರಿಯಲಿಲ್ಲ. ಯಾರಾದರೂ ನೋಡಲು ಬಂದಾಗ ಮಾತ್ರ ಅವರು ಎಡಗೈಯಲ್ಲಿ ಗಡಿಯಾರ ಹಿಡಿದುಕೊಳ್ಳುತ್ತಿದ್ದರು. "ಆಯ್ತೇನೇ?" ಎಂಬುದು ಆಗ ಕಾಫಿಯ ವಿಚಾರ ಕೇಳಿದಷ್ಟು ಮೆತ್ತಗಿರುತ್ತಿತ್ತು. ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಶಾಲೆಯಲ್ಲಿ ಸಿಗದ ಮರ್ಯಾದೆ ಅಡುಗೆಮನೆಯಲ್ಲಾದರೂ ಸಿಗಲಿ ಎಂದುಕೊಂಡೆ.

ಅವರು ಈ ಕೆಲಸದ ಬಗ್ಗೆ ಒಂದು ಪುಸ್ತಕ ಬರೆದಿಟ್ಟರು. ನಾನು ನಾಲ್ಕನೇ ತರಗತಿ ಓದಿದವಳು. ಒಂದು ಮಧ್ಯಾಹ್ನ ಅಕ್ಷರ ಕೂಡಿಸಿಕೊಂಡು ಅಷ್ಟನ್ನೂ ಓದಿದೆ. ಅದರಲ್ಲಿ ಒಲೆ ಇತ್ತು, ತಪ್ಪಲೆ ಇತ್ತು, ಗೋಧಿಹಿಟ್ಟು ಎಷ್ಟು ಗಟ್ಟಿ ಕಲಸಬೇಕೆಂಬುದೂ ಇತ್ತು. ಮೂಗು ಇರಲಿಲ್ಲ. ಆಗಲೂ ಸುಮ್ಮನಿದ್ದೆ. ಸುಮ್ಮನಿರುವುದು ಬೇರೆ, ನುಂಗಿಕೊಳ್ಳುವುದು ಬೇರೆ ಎಂದು ಆ ವಯಸ್ಸಿನಲ್ಲಿ ನನಗೆ ತಿಳಿದಿರಲಿಲ್ಲ.

ಆ ಪುಸ್ತಕ ಹೇಗೋ ಮೇಲಿನವರ ಕೈಗೆ ಹೋಯಿತು. ಮೇಷ್ಟ್ರುಗಳಿಗೇ ಪಾಠ ಹೇಳುವ ತರಬೇತಿ ಶಾಲೆಗೆ ಒಬ್ಬ ಕ್ರಾಫ್ಟ್ ಉಪಾಧ್ಯಾಯರು ಬೇಕಾಗಿದ್ದರು. ಕಣ್ಣಾರೆ ಕೆಲಸ ನೋಡಿ ತೀರ್ಮಾನಿಸುತ್ತೇನೆಂದು ಇನ್ಸ್‌ಪೆಕ್ಟರ್ ಪದ್ಮನಾಭಯ್ಯನವರು ಹೆಡ್‌ಮಾಸ್ತರ ಜೊತೆ ನಮ್ಮ ಮನೆಗೇ ಬಂದರು. ಯಜಮಾನರು ಇಸ್ತ್ರಿಯ ಅಂಗಿ ಹಾಕಿದ್ದರು. ಬೆಳಿಗ್ಗೆ ದೇವರ ಮುಂದೆ ನಿಂತವರು ಬಹಳ ಹೊತ್ತು ಈಚೆಗೆ ಬರಲಿಲ್ಲ. "ಇದೊಂದು ಆಗಿಬಿಟ್ರೆ, ಇನ್ನು ಯಾರ ತರಗತೀನೂ ಕಾಯೋ ಹಾಗಿಲ್ಲ ಕಣೇ" ಎಂದರು. ಅದುವರೆಗೆ ನನ್ನ ಹತ್ತಿರ ಆಡಿರದ ಮಾತು ಅದು.

ಕುರ್ಚಿಯ ಬೆನ್ನಿನ ಕಮಾನು ಮಾಡಿ ತೋರಿಸುವುದೆಂದು ನಿಶ್ಚಯವಾಗಿತ್ತು. ಅಟ್ಟದಿಂದ ತಡಸಲಿನ ಒಳ್ಳೆಯ ಪಟ್ಟಿ ಇಳಿಸಿ ನೆನೆಸಿದ್ದರು. ಒಂದು ವರ್ಷ ಒಣಗಿದ ಮರ. ಎಂದಿಗಿಂತ ಹೆಚ್ಚು ಬೇಯಬೇಕಾದದ್ದು. ಒಲೆ ಉರಿಯುತ್ತಿತ್ತು, ಕೊಳವೆ ಬೆವರುತ್ತಿತ್ತು. ನಾನು ಕಾಫಿ ತಂದಿಟ್ಟೆ.

"ಎಲ್ಲಾ ಸರಿ ಮೇಷ್ಟ್ರೇ, ಬೆಂದದ್ದು ಹೇಗೆ ಗೊತ್ತಾಗುತ್ತೆ? ಗುಟ್ಟು ಇರೋದು ಅಲ್ಲೇ ತಾನೆ?" ಎಂದರು ಪದ್ಮನಾಭಯ್ಯ.

"ಅನುಭವ ಸಾರ್. ಮಾಡ್ತಾ ಮಾಡ್ತಾ ತಾನಾಗೇ ತಿಳಿದುಬಿಡುತ್ತೆ."

ಆ ಮನುಷ್ಯ ಒಳ್ಳೆಯವರು. ನನ್ನ ಕಡೆ ತಿರುಗಿ, "ದಿನಾ ನೋಡ್ತಾ ಇರ್ತೀರಿ, ನಿಮಗೂ ತಿಳಿಯುತ್ತೇನಮ್ಮಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಇವರು ನಕ್ಕರು. "ಇವಳಿಗಾ? ಉಪ್ಪಿಟ್ಟು ತಳ ಹಿಡಿದರೂ ಇವಳಿಗೆ ವಾಸನೆ ಬರಲ್ಲ ಸಾರ್!"

ಮೂವರೂ ನಕ್ಕರು. ನಾನೂ ನಕ್ಕೆ. ತಟ್ಟೆ ಎತ್ತಿಕೊಂಡು ಒಲೆಯ ಹತ್ತಿರ ಹೋಗಿ ನಿಂತೆ.

ಆ ದಿನ ಪಟ್ಟಿ ಒಡೆದದ್ದಕ್ಕೆ ಊರಿನಲ್ಲಿ ಎರಡು ಕಾರಣ ಹೇಳಿದರು. ಮರ ಒಣಗಿತ್ತು ಎಂದರು ಬಡಗಿಗಳು. ದೃಷ್ಟಿ ತಾಗಿತು ಎಂದಳು ಸಾವಂತ್ರಮ್ಮ. ಮೂರನೆಯದು ನನ್ನೊಬ್ಬಳ ಹತ್ತಿರ ಇತ್ತು.

ಅವರು ಗಡಿಯಾರ ನೋಡಿದಂತೆ ಮಾಡಿ, ಗೋಣಿತಟ್ಟು ಸುತ್ತಿಕೊಂಡು, ಮೆತ್ತಗೆ "ಆಯ್ತೇನೇ?" ಎಂದರು. ಆವಿ ನನ್ನ ಮುಖಕ್ಕೇ ಬಡಿಯುತ್ತಿತ್ತು. ಒಗರು, ಹಸಿ ತೊಗಟೆಯ ವಾಸನೆ. ಇನ್ನೂ ಅರ್ಧ ಗಂಟೆ ಬೇಕಿತ್ತು. ಅವರ ಕಣ್ಣಿನಲ್ಲಿ ಒಂದು ಚೂರೂ ಅನುಮಾನವಿರಲಿಲ್ಲ.

"ಆಯ್ತು, ತಗೀರಿ" ಎಂದೆ.

ಚಟ್ ಎಂಬ ಸದ್ದು ಅಷ್ಟು ದೊಡ್ಡದೇನೂ ಆಗಿರಲಿಲ್ಲ. "ಇರಲಿ ಮೇಷ್ಟ್ರೇ, ಆಗುತ್ತೆ" ಎಂದು ಪದ್ಮನಾಭಯ್ಯ ಎದ್ದರು. ಇನ್ನೊಂದು ಪಟ್ಟಿ ಇತ್ತು, ಹೊತ್ತೂ ಇತ್ತು. ಇನ್ನೊಮ್ಮೆ ಮಾಡಿ ಎಂದು ಅವರಾಗಲೀ, ಮಾಡುತ್ತೇನೆಂದು ಇವರಾಗಲೀ ಹೇಳಲಿಲ್ಲ. ನಾನಾದರೂ ಹೇಳಬಹುದಿತ್ತು. ಅವರು ಹೋದ ಮೇಲೆ ಇವರು ಒಡೆದ ಪಟ್ಟಿಯನ್ನೇ ಅಚ್ಚಿಗೆ ಸುತ್ತಿ, ಎಂದಿನ ಹಾಗೆ ಗಂಟು ಹಾಕಿ, ಮೊಳೆಗೆ ತೂಗುಹಾಕಿದರು. ನನಗೆ ಒಂದು ಬೈಗುಳವೂ ಬೀಳಲಿಲ್ಲ. ಬೈದಿದ್ದರೆ ಎದುರಾಡುತ್ತಿದ್ದೆ, ಅಷ್ಟೂ ಹೊರಗೆ ಬರುತ್ತಿತ್ತು.

ತರಬೇತಿ ಶಾಲೆಗೆ ಬೇರೆ ಯಾರೋ ಹೋದರು. ತಗಡಿನ ಕೊಳವೆ ಮತ್ತೆ ಮಳೆನೀರಿಗೇ ಹೋಯಿತು. ತೂತಿನ ಮುಚ್ಚಳಕ್ಕೆ ಬೆಸುಗೆ ಹಾಕಿಸಿದೆ. ಇವರು ಕೆಲಸದಿಂದ ನಿವೃತ್ತರಾಗುವವರೆಗೂ ಬೇರೆಯವರ ತರಗತಿಗಳನ್ನು ಕಾದರು. ದಿನಾ ಸಂಜೆ ಚಪ್ಪಲಿಯ ಸದ್ದು ಕೇಳಿದಾಗ ನನ್ನ ಕೈಯ ಕೆಲಸ ನಿಲ್ಲುತ್ತಿತ್ತು. ಹೇಳಿಬಿಡಬೇಕೆಂದು ಎಷ್ಟೋ ಸಲ ಹೊಸ್ತಿಲವರೆಗೆ ಬಂದು, ನೀರಿನ ಚೊಂಬು ಕೊಟ್ಟು ಒಳಗೆ ಹೋಗಿದ್ದೇನೆ.

ತಲೆಗೂದಲು ಬೆಳ್ಳಗಾದ ಮೇಲೆ, ಒಂದು ಮಧ್ಯಾಹ್ನ ಸಾರಿನ ಪುಡಿಗೆ ಧನಿಯ ಹುರಿಯುತ್ತಿದ್ದೆ. ಅವರು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು.

"ಅವತ್ತು ನಿಂಗೆ ಶೀತ ಆಗಿತ್ತು, ಅಲ್ವಾ?" ಎಂದರು.

"ಯಾವತ್ತು?" ಎಂದೆ. ಯಾವತ್ತೆಂದು ಗೊತ್ತಿತ್ತು.

ಅವರು ಕಿಟಕಿಯ ಕಡೆ ಗದ್ದ ತಿರುಗಿಸಿದರು. "ಮೂಗು ಕಟ್ಟಿತ್ತೇನೋ. ಇಲ್ದಿದ್ರೆ ನಿನ್ನ ಮೂಗು ತಪ್ಪೋದಲ್ಲ."

ಎಷ್ಟೋ ವರ್ಷ ನಾನು ಕಾದಿದ್ದ ಮಾತು ಅದು. ಪದ್ಮನಾಭಯ್ಯನವರ ಮುಂದೆ ಆ ಬೆಳಿಗ್ಗೆ ಬರಬೇಕಾಗಿದ್ದದ್ದು, ಈಗ ಬಂದಿತ್ತು. ಬಂದದ್ದು ನನ್ನ ಸುಳ್ಳಿಗೊಂದು ಹೊದಿಕೆ ಹಿಡಿದುಕೊಂಡು. ನಂಬಿ ಹೇಳಿದರೋ, ತಿಳಿದೇ ಹೇಳಿದರೋ, ನನಗೆ ಇವತ್ತಿಗೂ ತಿಳಿಯದು.

"ಹೌದು ರೀ. ಕಟ್ಟಿತ್ತು" ಎಂದೆ.

"ಹಾಗೇ ಅಂದ್ಕೊಂಡಿದ್ದೆ" ಎಂದು ಅವರು ತಲೆಯಾಡಿಸಿದರು. ಬಾಣಲೆಯಲ್ಲಿ ಧನಿಯ ಹೊತ್ತಿಹೋಗಿತ್ತು. ನಾನು ಬಾಣಲೆ ಕೆಳಗಿಳಿಸಿದೆ.

ಅವರು ಹೋಗಿ ವರ್ಷ ತುಂಬಿದ ಮೇಲೆ, ಮೊನ್ನೆ, ಆ ಮೊಳೆಯಿಂದ ಅಚ್ಚನ್ನು ಇಳಿಸಿದೆ. ಗಂಟು ಬಿಚ್ಚಲು ಉಗುರು ಸಾಲಲಿಲ್ಲ, ಈಳಿಗೆಮಣೆಯ ಬಾಯಿಗೆ ಕೊಟ್ಟು ಹಗ್ಗ ಕೊಯ್ದೆ. ಬಿಚ್ಚಿದರೆ ಬಾಗಿದ ಮರ ಸ್ವಲ್ಪವಾದರೂ ಹಿಂದಕ್ಕೆ ಹೋಗುತ್ತದೆ ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ಇದು ಕೂದಲೆಳೆಯಷ್ಟೂ ಹೋಗಲಿಲ್ಲ. ಒಡಕು ಒಡಕಾಗಿಯೇ, ಬಾಗು ಬಾಗಾಗಿಯೇ ಉಳಿದಿತ್ತು.

ಆ ಎದ್ದ ನಾರನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಉಸಿರೆಳೆದು ನೋಡಿದೆ. ಒಗರೂ ಇರಲಿಲ್ಲ, ಸಿಹಿಯೂ ಇರಲಿಲ್ಲ. ನನಗೆ ಶೀತವೇನೂ ಆಗಿರಲಿಲ್ಲ. ಪಟ್ಟಿಯನ್ನು ಸೆರಗಿನಿಂದ ಒರೆಸಿ ಮತ್ತೆ ಅದೇ ಮೊಳೆಗೆ ಸಿಕ್ಕಿಸಿದೆ.