ಮಲಪ್ರಭಾ ಬಳಗದಲ್ಲಿ ಇಸ್ರೇಲಿನ ಪಾಠ

ಮೈಕು ಹಿಡಿದ ಕೈ ಎತ್ತಿದರೆ ಕಂಕುಳಿನ ಬೆವರು ರೇಶಿಮೆ ಕುಪ್ಪಸದ ಮೇಲೆ ಕಾಣುತ್ತದೆ. ಶನಿವಾರ ಬೆಳಿಗ್ಗೆ ಮೃದುಲಾ ತನ್ನ ದಿನಚರಿಯಲ್ಲಿ ಬರೆದುಕೊಂಡ ಚಿಂತೆ ಇದೊಂದೇ. ನೂರು ಜನರೆದುರು ಬಾಯಿ ತೆರೆಯಬೇಕಲ್ಲ ಎಂಬ ದೊಡ್ಡ ಚಿಂತೆಯನ್ನು ಬರೆಯುವ ಧೈರ್ಯ ಸಾಲದೆ, ಹೆದರಿಕೆಯನ್ನೆಲ್ಲ ಕುಪ್ಪಸದ ಮೇಲೆ ಹೊರಿಸಿ, ಪುಸ್ತಕ ಮುಚ್ಚಿ, ತಿಳಿಹಸಿರಿನದನ್ನು ಬಿಟ್ಟು ಕಡುನೀಲಿಯದನ್ನು ತೊಟ್ಟಳು.

ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿದ ಹುಡುಗಿ. ತಂದೆಗೆ ಮಾಪ್ಸಾದ ಬ್ಯಾಂಕಿಗೆ ವರ್ಗವಾದ ಮೇಲೆ ಗೋವೆಗೆ ಬಂದವಳು, ಹರಮಲ್ ಕಡಲತೀರದ ಒಂದು ಗೆಸ್ಟ್ ಹೌಸಿನ ಕೌಂಟರಿನಲ್ಲಿ ಕೂರುತ್ತಿದ್ದಳು. ಅಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಇಸ್ರೇಲಿನ ಹುಡುಗ ಹುಡುಗಿಯರು. ಸೈನ್ಯದ ಕಡ್ಡಾಯ ಸೇವೆ ಮುಗಿದೊಡನೆ ದೇಶ ಸುತ್ತಲು ಹೊರಡುವುದು ಅವರಲ್ಲಿ ರೂಢಿ. ಮಧ್ಯಾಹ್ನದವರೆಗೆ ಮಲಗುತ್ತಾರೆ, ಎದ್ದ ಮೇಲೆ ಸಮುದ್ರ ನೋಡುತ್ತಾ ಕೂರುತ್ತಾರೆ, ಬಾಗಿಲು ಜೋರಾಗಿ ಬಡಿದುಕೊಂಡರೆ ಕುಳಿತಲ್ಲೇ ಬೆಚ್ಚುತ್ತಾರೆ. ಮೃದುಲಾ ಇದನ್ನೆಲ್ಲ ನೋಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಹೇಳಿದ್ದರೆ ಕೇಳುವ ಸ್ಥಿತಿಯಲ್ಲಿ ಕಮಲಾಕರರು ಇರಲೂ ಇಲ್ಲ. ಧಾರವಾಡ, ಬೆಳಗಾವಿ ಕಡೆಯಿಂದ ನೌಕರಿಗೆಂದು ಬಂದವರು ಕಟ್ಟಿಕೊಂಡ ಮಲಪ್ರಭಾ ಕನ್ನಡ ಬಳಗಕ್ಕೆ ಅವರು ಹನ್ನೊಂದು ವರ್ಷಗಳಿಂದ ಅಧ್ಯಕ್ಷರು. ನಿವೃತ್ತರಾದ ಮೇಲೆ ಸೋಫಾ ಬಿಟ್ಟೇಳದೆ, ಟಿವಿಯ ಎದುರು ಕುಳಿತೇ ಮೂರು ಯುದ್ಧ ಗೆದ್ದವರು. ಪ್ರತಿ ಹುಡುಗನನ್ನೂ ಎರಡು ವರ್ಷ ಸೈನ್ಯಕ್ಕೆ ಅಟ್ಟಬೇಕು ಎಂಬುದು ಅವರ ಸಿದ್ಧಾಂತ. ಅವರ ಮಗ ಪವಮಾನ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ಬೂಟು ಕಚ್ಚುತ್ತದೆಂದು ಎರಡನೆಯ ವಾರವೇ ಬಿಟ್ಟಿದ್ದ. ಅಂಗಾಲು ಚಪ್ಪಟೆ ಎಂದು ಡಾಕ್ಟರರಿಂದ ಚೀಟಿ ಬರೆಸಿಕೊಟ್ಟವರು ಕಮಲಾಕರರೇ. ಆ ಚಪ್ಪಟೆ ಅಂಗಾಲಿನ ಮೇಲೆ ನಿಂತೇ ಪವಮಾನ ಈಗ ಫೇಸ್‌ಬುಕ್ಕಿನಲ್ಲಿ ಗಡಿ ಕಾಯುತ್ತಿದ್ದ.

ಈ ಪವಮಾನನಿಗೇ ಮೃದುಲಾಳನ್ನು ಕೇಳಿದ್ದರು.

“ಹುಡುಗಿ ಚಲೋ ಇದ್ದಾಳ,” ಎಂದಿದ್ದರು ಕಮಲಾಕರರು, ಕನ್ಯೆ ನೋಡಲು ಬಂದ ದಿನ ಅವಲಕ್ಕಿಯ ತಟ್ಟೆ ಕೆಳಗಿಡುತ್ತಾ. “ಆದರ ಮಂದಾಕಿನಿಬಾಯಿ, ಆಕಿಗೆ ಬಾಯಿ ಅದನೋ ಇಲ್ಲೋ ತಿಳೀವಲ್ದು.”

“ಅದ ರೀ,” ಎಂದು ಮೃದುಲಾಳ ತಾಯಿ ಗಾಬರಿಯಿಂದ ಹೇಳಿದ್ದಳು. “ಬೆಳಗಾದ್ರ ನನ್ನ ಜೋಡಿ ಜಗಳಾ ತಗೀತಾಳ.”

ಜಗಳವಾಡುವ ಸೊಸೆ ಬೇಕೆಂದು ಯಾರೂ ಕೇಳಿರಲಿಲ್ಲವಾದ್ದರಿಂದ ಮಾತು ಅಲ್ಲಿಗೇ ನಿಂತಿತು. ಕಮಲಾಕರರು ಪರೀಕ್ಷೆಯೊಂದನ್ನು ಇಟ್ಟರು: ಬಳಗದ ಈ ವರ್ಷದ ಉಪನ್ಯಾಸ “ಧರ್ಮ ಮತ್ತು ರಾಷ್ಟ್ರರಕ್ಷಣೆ: ಇಸ್ರೇಲಿನ ಪಾಠ”. ಮೃದುಲಾ ತನ್ನ ಗೆಸ್ಟ್ ಹೌಸಿನಿಂದೊಬ್ಬ ಸೈನಿಕನನ್ನು ಹಿಡಿದು ತರಬೇಕು, ಅವನ ಮಾತನ್ನು ಕನ್ನಡಕ್ಕೆ ತರಬೇಕು. ಅಂದು ಸಭೆಯಲ್ಲಿ ಹುಡುಗಿ ತಡವರಿಸದಿದ್ದರೆ ಮರುದಿನವೇ ವೀಳ್ಯದ ಮಾತು. ಪವಮಾನನನ್ನು ಮದುವೆಯಾಗುವ ಮನಸ್ಸು ಇದೆಯೇ ಎಂದು ಮೃದುಲಾಳನ್ನು ಯಾರೂ ಕೇಳಲಿಲ್ಲ. ಅವಳೂ ಎಂದಿನಂತೆ ‘ಹೂಂ’ ಅಂದಳು. ಅದು ಅವಳ ಬಾಯಿಂದ ತಾನಾಗಿ ಬರುವ ಶಬ್ದ. ಕೆಲವರಿಗೆ ಕೆಮ್ಮು ಬಂದಂತೆ.

ಸಿಕ್ಕಿದ್ದು ಸೈನಿಕನಲ್ಲ, ತಿರ್ಸಾ ಎಂಬ ಇಪ್ಪತ್ನಾಲ್ಕು ವರ್ಷದ ಹುಡುಗಿ. ಸೈನ್ಯದ ಸೇವೆ ಮುಗಿಸಿ ಬಂದು, ಮೂರನೆಯ ನಂಬರಿನ ಕೋಣೆಯಲ್ಲಿ ಎರಡು ತಿಂಗಳಿನಿಂದ ಇದ್ದವಳು. ಮೃದುಲಾ ಅಳುಕುತ್ತಲೇ ವಿಷಯ ಹೇಳಿದಾಗ ಅವಳು ಒಂದೇ ಮಾತು ಕೇಳಿದ್ದಳು: “ಅವರು ನಿಜವಾಗಿ ಕೇಳಿಸಿಕೊಳ್ಳುತ್ತಾರೆಯೇ?”

“ಹೂಂ,” ಎಂದಿದ್ದಳು ಮೃದುಲಾ.

ಸಭಾಭವನ ಮಾಪ್ಸಾ ಪೇಟೆಯ ಹಿಂದೆ. ಸಂಜೆ ನಾಲ್ಕಕ್ಕೆ ಕುರ್ಚಿಗಳು ತುಂಬಿದ್ದವು. ಅವುಗಳನ್ನು ಒರೆಸಿ ಸಾಲು ಮಾಡಿದವನು ಅಲ್ಲಿಯ ಕಾವಲುಗಾರ ಹುಲಿಗೆಪ್ಪ. ಬಾದಾಮಿ ಕಡೆಯವನು, ಸೈನ್ಯದಲ್ಲಿದ್ದು ನಿವೃತ್ತನಾದವನು. ರಾಷ್ಟ್ರರಕ್ಷಣೆಯ ಮೇಲೆ ಭಾಷಣ ಇಟ್ಟ ಬಳಗದವರಿಗೆ ಅವನನ್ನು ಮಾತಾಡಿಸುವ ಯೋಚನೆಯೇ ಬಂದಿರಲಿಲ್ಲ. ಫ್ಯಾನುಗಳು ಸಾಕಾಗುತ್ತವೆಯೇ ಎಂದು ಮಾತ್ರ ವಿಚಾರಿಸಿದ್ದರು.

ಮೊದಲು ದೀಪ ಬೆಳಗುವುದು. ಕಮಲಾಕರರು ಉರಿಯುವ ಮೇಣದಬತ್ತಿಯನ್ನು ತಿರ್ಸಾಳ ಕೈಗಿತ್ತರು. ಅವಳು ಅದನ್ನು ಹಿಡಿದು ಸುಮ್ಮನೆ ನಿಂತಳು. ಬತ್ತಿಯ ಹತ್ತಿರ ಹೋದ ಕೈ ಹಿಂದೆ ಬಂತು. ಆಮೇಲೆ ಮೃದುಲಾಳ ಕಿವಿಯಲ್ಲಿ, “ಇವತ್ತು ಶನಿವಾರ. ಕತ್ತಲಾಗುವವರೆಗೆ ಬೆಂಕಿ ಹೊತ್ತಿಸುವುದು ನಮ್ಮಲ್ಲಿ ನಿಷಿದ್ಧ. ನಾನು ಅದನ್ನೆಲ್ಲ ಬಿಟ್ಟವಳು, ಶನಿವಾರ ಸಿಗರೇಟು ಸೇದುತ್ತೇನೆ, ಸ್ಕೂಟರ್ ಓಡಿಸುತ್ತೇನೆ. ಆದರೆ ಇಷ್ಟು ಜನರ ಎದುರಿಗೆ, ದೇವರ ಹೆಸರು ಹೇಳಿ ಹೊತ್ತಿಸು ಅಂದರೆ ಕೈ ಏಳುವುದಿಲ್ಲ,” ಎಂದಳು.

ಆ ಧರ್ಮದಿಂದ ಪಾಠ ಕಲಿಯಲು ಸೇರಿದ ನೂರು ಜನರಲ್ಲಿ ಒಬ್ಬರಿಗೂ ಶನಿವಾರದ ವಿಷಯ ಗೊತ್ತಿರಲಿಲ್ಲ. ಬಳಗದ ಕಾರ್ಯಕ್ರಮ ಹಿಂದಿನಿಂದಲೂ ಶನಿವಾರವೇ ಆಗುವುದು, ಆದ್ದರಿಂದ ಶನಿವಾರವೇ ಇಟ್ಟಿದ್ದರು.

“ಏನಂತಾಳವಾ?” ಎಂದರು ಕಮಲಾಕರರು.

“ದೊಡ್ಡವರು ಬೆಳಗಲಿ ಅಂತಾರ,” ಎಂದಳು ಮೃದುಲಾ.

“ನೋಡ್ರಿ,” ಎಂದು ಕಮಲಾಕರರು ಸಭೆಯತ್ತ ತಿರುಗಿ ಕರಗಿದರು. “ಇದಕ್ಕ ಸಂಸ್ಕಾರ ಅಂತಾರ. ನಮ್ಮ ಹುಡುಗ್ಯಾರು ಕಲೀಬೇಕು.” ಮತ್ತೆ ತಾವೇ ಐದೂ ಬತ್ತಿ ಹೊತ್ತಿಸಿದರು, ಫೋಟೋಕ್ಕೆಂದು ಕೊನೆಯದನ್ನು ಎರಡು ಸಲ. ಸುಳ್ಳು ಎಷ್ಟು ಸಲೀಸು ಎಂದು ಮೃದುಲಾಳಿಗೆ ಅಚ್ಚರಿಯಾಯಿತು. ತಡವರಿಕೆಯೇ ಬರಲಿಲ್ಲ. ಮುಂದಿನ ಸಾಲಿನಲ್ಲಿ ತಾಯಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು.

ಬಳಗದ ಇನ್ನೊಂದು ಕಟ್ಟಳೆ ಏನೆಂದರೆ, ಅದರ ಮೈಕಿನಲ್ಲಿ ಕನ್ನಡ ಬಿಟ್ಟು ಬೇರೆ ಮಾತು ಬರಕೂಡದು. ಒಂದು ವರ್ಷ ಸ್ಥಳೀಯ ಅತಿಥಿಯೊಬ್ಬರು ಕೊಂಕಣಿಯಲ್ಲಿ ನಮಸ್ಕಾರ ಹೇಳಿದ್ದಕ್ಕೆ ಎರಡು ಸಭೆ ಚರ್ಚೆ ನಡೆದು ಈ ನಿರ್ಣಯ ಅಂಗೀಕಾರವಾಗಿತ್ತು. ಆದ್ದರಿಂದ ತಿರ್ಸಾ ಮೈಕಿಲ್ಲದೆ, ಪಕ್ಕದ ಕುರ್ಚಿಯಿಂದ ಮೃದುಲಾಳಿಗೆ ಇಂಗ್ಲಿಷಿನಲ್ಲಿ ಹೇಳಬೇಕು. ಮೃದುಲಾ ಮೈಕಿನಲ್ಲಿ ಕನ್ನಡ ಹೇಳಬೇಕು. ಫ್ಯಾನುಗಳ ಸದ್ದಿನಲ್ಲಿ ತಿರ್ಸಾಳ ದನಿ ಮುಂದಿನ ಸಾಲಿನಾಚೆ ಹೋಗುವಂತಿರಲಿಲ್ಲ.

ಪ್ರಸ್ತಾವನೆಯಲ್ಲಿ ಕಮಲಾಕರರು, ಬೆಳಗಾವಿ ಜಿಲ್ಲೆಗೆ ವಿಜಯಪುರ ಸೇರಿಸಿದರೆ ಆಗುವಷ್ಟು ಚಿಕ್ಕ ದೇಶ, ಆದರೆ ಮನೆಮನೆಯಲ್ಲಿ ಒಂದು ಕೈಗೆ ಶಾಸ್ತ್ರ, ಒಂದು ಕೈಗೆ ಬಂದೂಕು, ಭೇದವಿಲ್ಲ, ಜಗಳವಿಲ್ಲ ಎಂದರು. ಪವಮಾನ ಎದ್ದು ನಿಂತು ಫೋನಿನಲ್ಲಿ ಚಿತ್ರೀಕರಿಸಿದ.

ತಿರ್ಸಾ ಆರಂಭಿಸಿದಳು. “ನಮ್ಮದು ಅತಿ ಮಡಿವಂತರ ಮನೆ. ನನ್ನ ಮೂವರು ಅಣ್ಣಂದಿರು ಸೈನ್ಯಕ್ಕೆ ಹೋಗಿಲ್ಲ, ಹೋಗುವುದೂ ಇಲ್ಲ. ದಿನವಿಡೀ ಶಾಸ್ತ್ರ ಓದುತ್ತಾರೆ. ಆ ಓದೇ ದೇಶವನ್ನು ಕಾಯುತ್ತದೆ ಎನ್ನುತ್ತಾರೆ. ಮಕ್ಕಳನ್ನು ಸೈನ್ಯಕ್ಕೆ ಕಳಿಸಿದವರು ಇವರನ್ನು ಕಂಡರೆ ಉರಿದುಬೀಳುತ್ತಾರೆ. ಇದರ ಮೇಲೆ ನಮ್ಮಲ್ಲಿ ಬೀದಿಯಲ್ಲಿ ಹೊಡೆದಾಟವಾಗುತ್ತದೆ. ನಾನು ಮನೆ ಬಿಟ್ಟು ಸೈನ್ಯ ಸೇರಿದೆ. ಸಮವಸ್ತ್ರ ಹಾಕಿಕೊಂಡು ಬಂದ ದಿನ ಅಪ್ಪ ಬಾಗಿಲು ತೆಗೆಯಲಿಲ್ಲ. ಇವತ್ತಿಗೂ ಮಾತಿಲ್ಲ.”

ಇಂಗ್ಲಿಷ್ ಕೇಳಿಸಿದ ಕಮಲಾಕರರು ಮೃದುಲಾಳತ್ತ ಬಾಗಿದರು. ಮೈಕಿನ ಮೇಲೆ ಅಂಗೈ ಮುಚ್ಚಿ, “ಮನಿ ಜಗಳ ನಮಗ್ಯಾಕವಾ,” ಎಂದರು. “ಅಣ್ಣಂದಿರು ಧರ್ಮ ಕಾಯ್ತಾರ, ತಂಗಿ ದೇಶ ಕಾಯ್ತಾಳ. ಹಂಗ ಹೇಳಿಬಿಡು, ಮುಗೀತು.”

ಹಾಗೇ ಹೇಳಿದಳು. ಚಪ್ಪಾಳೆ ಬಿತ್ತು.

ಚಪ್ಪಾಳೆಗೆ ತಿರ್ಸಾಳ ಮುಖ ಅರಳಿತು. ಅವಳು ಕುರ್ಚಿಯ ಅಂಚಿಗೆ ಸರಿದಳು. “ನನ್ನನ್ನು ತಪಾಸಣಾ ಠಾಣೆಗೆ ಹಾಕಿದರು. ಹತ್ತೊಂಬತ್ತು ವರ್ಷ ನನಗೆ. ಬೆಳಿಗ್ಗೆ ಐದರಿಂದ ದಾಟಿ ಹೋಗುವ ಪ್ಯಾಲೆಸ್ತೀನಿಯರ ಚೀಲ ಬಿಚ್ಚುವುದು.” ಅವಳ ಎರಡೂ ಕೈಗಳು ಗಾಳಿಯಲ್ಲಿ ಚೀಲವೊಂದರ ಜಿಪ್ ಎಳೆದವು, ಒಳಗೆ ತಡಕಾಡಿದವು, ಮಗುಚಿದವು. “ಅವರಲ್ಲಿ ಒಬ್ಬ ಮುದುಕ, ಶಾಲೆಯ ಮೇಷ್ಟ್ರು. ದಿನವೂ ಅದೇ ಚೀಲ, ಅದೇ ಪುಸ್ತಕ, ಅದೇ ರೊಟ್ಟಿ. ದಿನವೂ ಶುಭೋದಯ ಅನ್ನುತ್ತಿದ್ದರು. ನಾನು ಒಂದು ದಿನವೂ ತಿರುಗಿ ಅನ್ನಲಿಲ್ಲ. ಏನೂ ಇಲ್ಲವೆಂದು ಗೊತ್ತಿದ್ದೂ ಮಗುಚಿದೆ. ಒಂದು ದಿನ ರೊಟ್ಟಿ ಮಣ್ಣಿಗೆ ಬಿತ್ತು.”

“ವೈರಿಗಳಿಂದ ಗಡಿ ಕಾದೆ ಅಂತ,” ಎಂದು ಕಮಲಾಕರರು ಹೇಳಿಕೊಟ್ಟರು.

“ವೈರಿಗಳಿಂದ ಗಡಿ ಕಾದೆ,” ಎಂದಿತು ಮೈಕು.

“ಸೈನ್ಯದ ಒಂದು ಸಮಾರಂಭದಲ್ಲಿ ನಾನು ಹಾಡಬೇಕಿತ್ತು,” ತಿರ್ಸಾ ನಿಲ್ಲಲಿಲ್ಲ. “ನಾನು ಚೆನ್ನಾಗಿ ಹಾಡುತ್ತೇನೆ. ಹಾಡಲು ಶುರುಮಾಡಿದ ಕೂಡಲೇ ಸೈನ್ಯಕ್ಕೆ ಬಂದ ಕೆಲವು ಮಡಿವಂತ ಹುಡುಗರು ಎದ್ದು ಹೊರಗೆ ಹೋದರು. ಹೆಣ್ಣಿನ ಹಾಡು ಕಿವಿಗೆ ಬೀಳಬಾರದಂತೆ. ಮುಂದಿನ ಸಲ ಅಧಿಕಾರಿ ನನ್ನನ್ನು ಮೇಳದಲ್ಲಿ ನಿಲ್ಲಿಸಿ, ತುಟಿ ಮಾತ್ರ ಅಲ್ಲಾಡಿಸು, ದನಿ ಬರಬಾರದು ಅಂದ. ಮನೆಯಲ್ಲೂ ಅದೇ, ಸೈನ್ಯದಲ್ಲೂ ಅದೇ. ತುಟಿ ಅಲ್ಲಾಡಿಸಿ ಅಲ್ಲಾಡಿಸಿ ಸಾಕಾಗಿ ಇಲ್ಲಿಗೆ ಬಂದೆ.”

ಮೃದುಲಾ ಮೈಕನ್ನು ಬಾಯಿಂದ ಕೆಳಗಿಳಿಸಿದಳು. ಕಮಲಾಕರರು ಕಾಯಲಿಲ್ಲ. “ಸೈನಿಕರು ದೇಶಭಕ್ತಿ ಗೀತೆ ಹಾಡ್ತಾರ ಅಂತ ಹೇಳು. ಜಲ್ದಿ. ಜನ ಚಾಕ್ಕ ಎದ್ದಾರು.”

“ಸೈನಿಕರೆಲ್ಲ ಸೇರಿ ದೇಶಭಕ್ತಿ ಗೀತೆ ಹಾಡುತ್ತಾರೆ,” ಎಂದಳು.

ಈ ಸಲ ಸಭೆಯೇ ಎದ್ದು ನಿಂತಿತು. ತಿರ್ಸಾಳ ಮಾತು ಕಿವಿಯಾರೆ ಕೇಳಿದ ಮುಂದಿನ ಸಾಲಿನವರೂ ಎದ್ದರು. ಅವರಿಗೂ ಕನ್ನಡದ್ದೇ ಹಿತವಾಗಿತ್ತು. ಪವಮಾನ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಮುಷ್ಟಿ ಮೇಲೆತ್ತಿ ಜಯಘೋಷ ಕೂಗಿದ. ಚಪ್ಪಟೆ ಅಂಗಾಲಿನ ಮೇಲೆ ಒಳ್ಳೆಯ ಹೊತ್ತೇ ನಿಂತ.

ತಿರ್ಸಾ ಮೃದುಲಾಳ ಮಣಿಕಟ್ಟು ಹಿಡಿದುಕೊಂಡಳು. ಅವಳ ಕಣ್ಣುಗಳು ತುಂಬಿದ್ದವು. “ಮೇಷ್ಟ್ರ ವಿಷಯ ನಾನು ಯಾರಿಗೂ ಹೇಳಿರಲಿಲ್ಲ,” ಎಂದಳು. “ನಮ್ಮಲ್ಲಿ ಹೇಳಿದ್ದರೆ ಕಲ್ಲು ಬೀಳುತ್ತಿತ್ತು. ಇವರು ಎದ್ದು ನಿಂತರು ನೋಡು. ನಿನ್ನಿಂದ ಆಯಿತು.”

ಮೃದುಲಾಳಿಗೆ ಕೈ ಬಿಡಿಸಿಕೊಳ್ಳಬೇಕೆನ್ನಿಸಿತು. ಈ ಹುಡುಗಿ ತನ್ನ ದೇಶಕ್ಕೆ ಹೋಗಿ, ಗೋವೆಯಲ್ಲಿ ನೂರು ಜನ ನನ್ನ ತಪ್ಪನ್ನು ಕೇಳಿ ಎದ್ದು ನಿಂತರು ಎಂದು ಬದುಕಿರುವತನಕ ನೆನೆಯುತ್ತಾಳೆ. ಅತ್ತ ಕಮಲಾಕರರು ತಾಯಿಯ ಬಳಿ ಹೋಗಿ, “ನಾಳೆ ಹತ್ತಕ್ಕ ಬರ್ತೀವಿ. ಬಾಯಿ ಅದರೀ ಹುಡುಗಿಗೆ,” ಎನ್ನುತ್ತಿದ್ದರು. ತಾಯಿ ನಕ್ಕಂಥ ನಗುವನ್ನು ಮೃದುಲಾ ವರ್ಷಗಳಿಂದ ನೋಡಿರಲಿಲ್ಲ.

ಆಗ ಬಾಗಿಲ ಕಡೆಯಿಂದ ಹುಲಿಗೆಪ್ಪ ಎರಡು ಹೆಜ್ಜೆ ಮುಂದೆ ಬಂದ.

“ಅಕ್ಕಾರ, ಒಂದ ಮಾತ ಕೇಳಲ್ರಿ?”

ಜನ ತಿರುಗಿ ನೋಡಿದರು. ಚಹ ಬಂತೆಂದು ತಿಳಿದಿದ್ದರು.

“ಅವ್ರು ಚೀಲ ಬಿಚ್ಚೋದು ತೋರ್ಸಿದ್ರಲ್ರಿ, ಕೈ ಮಾಡಿ,” ಎಂದು ಹುಲಿಗೆಪ್ಪ ತಾನೂ ಗಾಳಿಯಲ್ಲಿ ಜಿಪ್ ಎಳೆದ, ತಡಕಾಡಿದ, ಮಗುಚಿದ. ಅವೇ ಕೈ ಚಲನೆಗಳು, ಅದೇ ವೇಗ. “ನೀವು ಚೀಲದ ಮಾತು ತಗೀಲೇ ಇಲ್ರಿ. ನಾನೂ ಈ ಕೆಲಸ ಮಾಡೀನ್ರಿ, ಬಸ್ಸಿನ್ಯಾಗಿಂದ ಮಂದಿನ್ನ ಇಳಿಸಿ ಇಳಿಸಿ. ಸುಮ್ಮ ಕೇಳಾಕತ್ತೇನಿ. ಅದು ಯಾರ ಚೀಲ ಇತ್ರಿ?”

“ಹುಲಿಗೆಪ್ಪ, ಚಾ ಆತೇನು ನೋಡ್ಹೋಗು,” ಎಂದರು ಕಮಲಾಕರರು.

“ಆಗೇತ್ರಿ ಸಾಹೇಬ್ರ. ಆರಾಕತ್ತೇತಿ,” ಎಂದ ಹುಲಿಗೆಪ್ಪ, ಅಲ್ಲೇ ನಿಂತು.

“ಪ್ರಶ್ನೋತ್ತರ ಇಟ್ಟಿಲ್ಲೋ ಮಾರಾಯಾ,” ಎಂದ ಪವಮಾನ. ಮುಂದಿನ ಸಾಲು ನಕ್ಕಿತು.

ಏನು ಕೇಳುತ್ತಿದ್ದಾನೆಂದು ತಿರ್ಸಾ ಕೇಳಿದಳು. ಕಮಲಾಕರರು ವಂದನಾರ್ಪಣೆಗೆಂದು ಮೈಕಿಗೆ ಕೈಚಾಚಿದರು. ಮೃದುಲಾ ಕೊಡಲಿಲ್ಲ. ಅವರು ಮೆಲ್ಲಗೆ ಎಳೆದರು. ಮೈಕು ಅವಳ ಮುಷ್ಟಿಯಲ್ಲೇ ಉಳಿಯಿತು. ತಾಯಿ ದೂರದಿಂದಲೇ ಬೇಡವೆಂದು ತಲೆಯಾಡಿಸಿದಳು.

“ಒಬ್ಬ ಮುದುಕ ಮಾಸ್ತರ ಚೀಲ ರೀ, ಹುಲಿಗೆಪ್ಪ,” ಎಂದಳು ಮೃದುಲಾ. ಫ್ಯಾನುಗಳ ಸದ್ದನ್ನು ಮೀರಿ ಅದು ಹಿಂದಿನ ಗೋಡೆಯವರೆಗೂ ಕೇಳಿಸಿತು. “ಆಕಿ ಎಲ್ಲಾ ಹೇಳಿದ್ಲು. ನಾ ನಿಮಗ ಒಂದೂ ಹೇಳಲಿಲ್ಲ. ನೀವೆಲ್ಲಾ ಚಪ್ಪಾಳಿ ಹೊಡದಿದ್ದು ಸುಳ್ಳಿಗೆ. ಆ ಸುಳ್ಳು ನಾನಾಡಿದ್ದು.”