ತಾರೀಖು ಹಾಕದ ರಾಜೀನಾಮೆ

ಹಬೆಯ ಪೈಪು ಒಡೆದಾಗ ಇಸ್ತ್ರಿ ಹಾಲಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಅದೇನು ಹೊಸದಲ್ಲ, ದಿನಾ ಹಾಕುತ್ತಾರೆ. ಆಸ್ಪತ್ರೆಗಳಿಂದ, ಲಾಡ್ಜುಗಳಿಂದ ಬಂದ ಚಾದರಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಇಸ್ತ್ರಿ ಹಾಲಿನಲ್ಲಿ ನೂರಾ ನಲವತ್ತು ಹೆಂಗಸರು. ಬಾಗಿಲು ಒಂದೇ, ಕಬ್ಬಿಣದ್ದು. ಹೆಂಗಸರು ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಹೋಗುತ್ತಾರೆ ಅಂತ ಮಾಲೀಕನಿಗೆ ಅನುಮಾನ. ಅದಕ್ಕೇ ವಾಚ್‌ಮನ್‌ಗೆ ಆರ್ಡರ್: ಸೈರನ್ ಆಗುವವರೆಗೆ ಒಳಗಿನಿಂದ ಯಾರೇ ಬಡಿದರೂ ತೆಗೆಯಬೇಡ.

ಅವತ್ತು ಹನ್ನೊಂದು ನಿಮಿಷ ಬಡಿದರು. ಆಮೇಲೆ ವಾಚ್‌ಮನ್ ಮುದುಕ ತಡೆಯಲಾರದೆ ತೆಗೆದ. ನಮ್ಮಕ್ಕನ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದಿತ್ತು. ಅವಳ ಜೊತೆ ಚಾದರದ ಇನ್ನೊಂದು ತುದಿ ಹಿಡಿಯುತ್ತಿದ್ದವಳ ಮುಖವೇ ಸುಟ್ಟಿತ್ತು. ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಅವಳ ಕೆಳಗೆ ಹಾಸಿದ್ದು ಅದೇ ಲಾಂಡ್ರಿಯ ಚಾದರ. ಮಾರನೇ ದಿನ ಮಾಲೀಕ ಒಬ್ಬರನ್ನು ಕೆಲಸದಿಂದ ತೆಗೆದ. ಯಾರನ್ನು ಅಂತೀರಿ? ಬಾಗಿಲು ತೆಗೆದ ವಾಚ್‌ಮನ್‌ನನ್ನು.

ನಾನು ಪಕ್ಷದ ಕಚೇರಿ ನೋಡಿಕೊಳ್ಳುವವನು. ಗುಡಿಸುವುದು, ಟೈಪ್ ಮಾಡುವುದು, ಬಾವುಟ ಕಟ್ಟುವುದು, ಬಿಚ್ಚುವುದು. ಕೆಲಸಗಾರರ ಪಕ್ಷ ನಮ್ಮದು. ಹಾಗಂತ ಬೋರ್ಡಿನಲ್ಲಿ ಬರೆದಿದೆ, ಬರೆದವನೂ ನಾನೇ. ನಮ್ಮ ಕಾರ್ಯದರ್ಶಿಗಳು ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿಯಲ್ಲಿದ್ದಾರೆ. ಆರು ಚುನಾವಣೆಗೆ ನಿಂತಿದ್ದಾರೆ, ಆರರಲ್ಲೂ ಠೇವಣಿ ಕಳೆದುಕೊಂಡಿದ್ದಾರೆ. ಪ್ರತಿ ಸಲ ಸೋತ ಮೇಲೆ ಎರಡು ಗಂಟೆ ಭಾಷಣ ಮಾಡಿ ವಸ್ತುಸ್ಥಿತಿ ವಿವರಿಸುತ್ತಾರೆ. ಅದಕ್ಕೇ ಅವರ ಬೆನ್ನ ಹಿಂದೆ ಎಲ್ಲರೂ ಅವರನ್ನು ‘ವಸ್ತುಸ್ಥಿತಿ’ ಅಂತಲೇ ಕರೆಯುವುದು. ಒಂದು ಸಲ ನಾನು ಮುಖಕ್ಕೇ ಕರೆದುಬಿಟ್ಟಿದ್ದೆ. ಪಾಪ, ಅವರು ಹೊಗಳಿಕೆ ಅಂದುಕೊಂಡರು.

ನಗರಸಭೆ ಚುನಾವಣೆ ಬಂತು. ಒಂದು ಭಾನುವಾರ ಬೆಳಿಗ್ಗೆ ಇಸ್ತ್ರಿ ಹಾಲಿನ ಹೆಂಗಸರೆಲ್ಲ ಕಚೇರಿಗೆ ನುಗ್ಗಿದರು. ಕುರ್ಚಿ ಇದ್ದದ್ದು ಒಂಬತ್ತು. ಉಳಿದವರು ಮೆಟ್ಟಿಲ ಮೇಲೆ, ರಸ್ತೆಯ ಮೇಲೆ. ಅಕ್ಕ ಬ್ಯಾಂಡೇಜಿನ ಕೈಯನ್ನು ಮೇಜಿನ ಮೇಲಿಟ್ಟು ಮಾತಾಡಿದಳು.

“ಲಾಂಡ್ರಿಗೆ ಲೈಸೆನ್ಸ್ ಕೊಡೋದು ನಗರಸಭೆ ಅಲ್ವಾ ಸರ್?”

“ವಸ್ತುಸ್ಥಿತಿ ಏನಂದ್ರೆ, ಹೌದು” ಅಂದರು ಕಾರ್ಯದರ್ಶಿಗಳು.

“ಕೆಲಸದ ಹೊತ್ತಲ್ಲಿ ಬಾಗಿಲಿಗೆ ಬೀಗ ಹಾಕ್ಬಾರ್ದು ಅಂತ ಆ ಲೈಸೆನ್ಸಲ್ಲೇ ಬರೆದಿದೆಯಂತೆ. ನನ್ ತಮ್ಮ ಓದಿ ಹೇಳ್ದ. ಯಾರೂ ಕೇಳೋರಿಲ್ಲ ಅಷ್ಟೆ. ನಮ್ಮೋಳು ಒಬ್ಳು ಒಳಗೆ ಹೋಗಿ ಕೂತ್ರೆ ಕೇಳ್ತಾಳೆ. ಈ ಸಲ ನಾನು ನಿಲ್ತೀನಿ.”

“ಅಮ್ಮಾ, ರಾಜಕೀಯ ಅಂದ್ರೆ ಇಸ್ತ್ರಿ ಮಾಡಿದ ಹಾಗಲ್ಲ.”

“ಗೊತ್ತು ಸರ್. ಇಸ್ತ್ರಿ ಕೆಟ್ರೆ ಅವತ್ತೇ ಬೈತಾರೆ. ನಿಮ್ಮನ್ನ ಇಪ್ಪತ್ತೆರಡು ವರ್ಷದಿಂದ ಯಾರೂ ಬೈದಿಲ್ಲ.”

ಮೆಟ್ಟಿಲ ಮೇಲಿದ್ದವರು ನಕ್ಕರು. ಆ ನಗು ರಸ್ತೆಯವರೆಗೆ ಹೋಯಿತು. ಕಾರ್ಯದರ್ಶಿಗಳು ಕನ್ನಡಕ ಒರೆಸಿಕೊಂಡು ಒಪ್ಪಿಕೊಂಡುಬಿಟ್ಟರು. ಇಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೇ ಆಶ್ಚರ್ಯವಾಯಿತು. ನಾಮಪತ್ರಕ್ಕೆ ನಾನೇ ಸೂಚಕನಾಗಿ ಸಹಿ ಹಾಕಿದೆ. ಕಾರ್ಯದರ್ಶಿಗಳು ತೋರಿಸಿದ ಕಡೆಯೆಲ್ಲ ಅಕ್ಕ ಸಹಿ ಮಾಡಿದಳು.

ಆಮೇಲೆ ನೋಡಬೇಕಿತ್ತು ನೀವು. ಹೆಂಗಸರು ಪಾಳಿ ಮುಗಿಸಿ ಬಂದವರೇ ಮನೆಮನೆಗೆ ಹೋಗುತ್ತಿದ್ದರು. ಭಾಷಣ ಗೀಷಣ ಇಲ್ಲ. ಅಕ್ಕ ಬ್ಯಾಂಡೇಜು ಸರಿಸಿ ಕೈ ತೋರಿಸುತ್ತಿದ್ದಳು, ಅಷ್ಟೆ. ನಮ್ಮ ವಾರ್ಡಿನಲ್ಲಿ ಎರಡು ಮನೆಗೆ ಒಬ್ಬರಾದರೂ ಬೀಗದ ಒಳಗೆ ಕೆಲಸ ಮಾಡುವವರೇ. ಒಬ್ಬ ಗೋದಾಮಿನಲ್ಲಿ, ಒಬ್ಬಳು ಪ್ಯಾಕಿಂಗಿನಲ್ಲಿ. ವಿವರಿಸುವ ಅಗತ್ಯವೇ ಬೀಳಲಿಲ್ಲ. ನಾನು ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಹೋದೆ. ಜನ್ಮದಲ್ಲಿ ಮೊದಲ ಸಲ ನಮ್ಮ ಪಕ್ಷ ಗೆಲ್ಲಬಹುದು ಅನ್ನಿಸಿ ಹಾಕಿದ ಟಿಕ್ಕುಗಳನ್ನೇ ಮತ್ತೆ ಮತ್ತೆ ಎಣಿಸಿದೆ. ಸೋಲು ಅಭ್ಯಾಸವಾದವನಿಗೆ ಇದು ಕಾಯಿಲೆಯ ಹಾಗೆ.

ನಾಮಪತ್ರ ವಾಪಸ್ ಪಡೆಯಲು ಕೊನೆಯ ದಿನ. ಮಧ್ಯಾಹ್ನ ಮೂರಕ್ಕೆ ಮುಗಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಕಾರ್ಯದರ್ಶಿಗಳು ಹೊಸ ಶರ್ಟು ಹಾಕಿಕೊಂಡು ಬಂದರು. ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು.

“ಕಾಮ್ರೇಡ್, ವಿಶಾಲ ಮೈತ್ರಿ ಆಗಿದೆ. ದೊಡ್ಡ ಪಕ್ಷದವರು ನಮ್ಮ ಜೊತೆ ಬಂದಿದ್ದಾರೆ.”

“ನಮ್ಮ ಜೊತೆ ಅವರು ಬಂದ್ರಾ, ಅವರ ಜೊತೆ ನಾವು ಹೋದ್ವಾ ಸರ್?”

“ನಿನಗೆ ಅರ್ಥ ಆಗಲ್ಲ. ನಿಮ್ಮ ವಾರ್ಡನ್ನ ಅವರಿಗೆ ಬಿಟ್ಟುಕೊಟ್ಟಿದ್ದೀವಿ. ಅವರ ಅಭ್ಯರ್ಥಿ ಲಾಂಡ್ರಿ ಮಾಲೀಕರು. ಪ್ರಗತಿಪರ ಮಾಲೀಕರು ಅವರು.”

ನಾನು ಕೇಳಿದೆ: “ಅವರಿಗೆ ವಾರ್ಡು. ನಿಮಗೇನು ಸರ್?”

ಅವರು ಕಿಟಕಿ ಕಡೆ ನೋಡಿದರು. “ಮೇಲ್ಮನೆಗೆ ಒಂದು ನಾಮಕರಣ. ನಮ್ಮ ದನಿ ಅಲ್ಲಿ ಕೇಳಿಸಬೇಕಲ್ಲ.”

ಆರು ಸಲ ಜನರ ಹತ್ತಿರ ಹೋಗಿ ಸೋತವರು ಈ ಸಲ ಜನರ ಹತ್ತಿರ ಹೋಗದೇ ಗೆಲ್ಲುವ ದಾರಿ ಕಂಡುಕೊಂಡಿದ್ದರು.

“ಬೀರುವಿನಲ್ಲಿ ನಿಮ್ಮಕ್ಕನ ಪತ್ರ ಇದೆ. ತೆಗೆದು ಇವತ್ತಿನ ತಾರೀಖು ಹಾಕು. ಸೂಚಕ ನೀನೇ, ನೀನೇ ತಂದು ಚುನಾವಣಾಧಿಕಾರಿಗೆ ಕೊಡಬೇಕು. ಎರಡೂವರೆಗೆ ಅಲ್ಲಿರು” ಅಂದು ಹೊರಟುಹೋದರು.

ಈ ಪತ್ರದ ವಿಷಯ ಹೇಳಬೇಕು. ನಮ್ಮ ಪಕ್ಷದಲ್ಲಿ ಶಿಸ್ತು ಅಂತ ಒಂದು ಪದ್ಧತಿ ಇದೆ. ಯಾರಿಗೇ ಜವಾಬ್ದಾರಿ ಕೊಟ್ಟರೂ ಅವತ್ತೇ ಅವರಿಂದ ಬಿಟ್ಟುಹೋಗುವ ಪತ್ರ ಬರೆಸಿಕೊಳ್ಳುತ್ತಾರೆ. ಅಭ್ಯರ್ಥಿಯಿಂದ ನಾಮಪತ್ರ ವಾಪಸ್ ಪಡೆಯುವ ಅರ್ಜಿ, ಪದಾಧಿಕಾರಿಯಿಂದ ರಾಜೀನಾಮೆ. ಸಹಿ ಇರುತ್ತದೆ, ತಾರೀಖು ಇರುವುದಿಲ್ಲ. ಬೇಕಾದಾಗ ಪಕ್ಷ ತಾರೀಖು ಹಾಕಿಕೊಳ್ಳುತ್ತದೆ. ಯಾರೂ ಪಕ್ಷಕ್ಕಿಂತ ದೊಡ್ಡವರಾಗಬಾರದು ಅಂತ ಹಳಬರು ಮಾಡಿದ ನಿಯಮ. ಒಳ್ಳೇ ನಿಯಮವೇ.

ಬೀರು ತೆಗೆದೆ. ಅಕ್ಕನ ಅರ್ಜಿ ಮೇಲೇ ಇತ್ತು. ತೆಗೆದುಕೊಂಡೆ. ಕೈ ಅಲ್ಲಿಗೇ ನಿಲ್ಲಲಿಲ್ಲ, ಕೆಳಗೆ ಹುಡುಕುತ್ತಾ ಹೋಯಿತು. ತಳದಲ್ಲಿ, ಜಿರಲೆ ತಿಂದು ಉಳಿದ ಕಂತೆಯಲ್ಲಿ, ಹಳದಿ ಕಾಗದವೊಂದು ಸಿಕ್ಕಿತು. ‘ಕಾರ್ಯದರ್ಶಿ ಸ್ಥಾನಕ್ಕೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ.’ ಕೆಳಗೆ ಅವರದೇ ದುಂಡು ಸಹಿ. ತಾರೀಖಿನ ಜಾಗ ಇಪ್ಪತ್ತೆರಡು ವರ್ಷದಿಂದ ಖಾಲಿ. ಪಾಪ, ಬರೆದುಕೊಟ್ಟದ್ದೇ ಮರೆತಿದ್ದರು.

ಎರಡೂ ಕಾಗದ ಜೇಬಿಗೆ ಹಾಕಿಕೊಂಡು ಲಾಂಡ್ರಿಗೆ ಓಡಿದೆ. ಊಟದ ಸೈರನ್ ಆಗಿ ಹೆಂಗಸರು ಗೋಡೆಯ ನೆರಳಲ್ಲಿ ಡಬ್ಬಿ ಬಿಚ್ಚುತ್ತಿದ್ದರು. ಬಾಗಿಲು ತೆರೆದಿರುವುದು ಅರ್ಧ ಗಂಟೆ ಮಾತ್ರ. ನಡೆದದ್ದೆಲ್ಲ ಹೇಳಿದೆ. ಒಬ್ಬಳು ಡಬ್ಬಿಯ ಮುಚ್ಚಳ ಹಾಕಿಟ್ಟಳು.

“ಯಾರಿಗೆ ಬಿಟ್ಕೊಟ್ರು ಅಂದೆ?” ಅಕ್ಕ ಕೇಳಿದಳು.

“ನಿಮ್ಮ ಮಾಲೀಕನಿಗೆ.”

“ಬೀಗ ಹಾಕಿದೋನಿಗೆ!” ಅವಳ ಕಣ್ಣು ತುಂಬಿತು. ಆಮೇಲೆ ಕೈ ಚಾಚಿದಳು. “ನನ್ನ ಕಾಗದ ಕೊಡೋ ಇಲ್ಲಿ.”

ಕೊಟ್ಟೆ. ಓದಲೂ ಇಲ್ಲ. ಎದ್ದು ಹೋಗಿ ಬಾಯ್ಲರಿನ ಒಲೆಗೆ ಹಾಕಿ ಬಂದಳು.

“ಇನ್ನೊಂದೇನು?”

ಓದಿ ಹೇಳಿದೆ. ಪಕ್ಷದ ನಿಯಮದ ಪ್ರಕಾರ ಕಾರ್ಯದರ್ಶಿಯ ರಾಜೀನಾಮೆಯನ್ನು ಶಾಖೆ ಒಪ್ಪಬೇಕು. ನಮ್ಮಲ್ಲಿ ಅತಿ ದೊಡ್ಡ ಶಾಖೆ ಇಸ್ತ್ರಿ ಹಾಲಿನದು. ಇಪ್ಪತ್ತೆರಡು ವರ್ಷದಲ್ಲಿ ಅವರನ್ನು ಬಾವುಟ ಒಗೆಯಲು ಬಿಟ್ಟು ಇನ್ಯಾವುದಕ್ಕೂ ಕರೆದಿರಲಿಲ್ಲ.

“ಒಪ್ಪೋರು ಕೈ ಎತ್ತಿ” ಅಂದೆ.

ಎಲ್ಲ ಕೈಗಳೂ ಎದ್ದವು. ಸುಟ್ಟವು, ಬೊಬ್ಬೆ ಬಂದವು, ಊಟದ ಎಂಜಲಿನವು. ಅಕ್ಕ ಬ್ಯಾಂಡೇಜಿನ ಕೈಯನ್ನೇ ಎತ್ತಿದಳು. ಒಬ್ಬಳು ಎರಡು ಕೈ ಎತ್ತಿದ್ದಳು. ಒಂದು ಇಳಿಸಮ್ಮ ಅಂದೆ. “ಇದು ಆಸ್ಪತ್ರೇಲಿ ಇರೋಳ್ದು” ಅಂದಳು. ಎಣಿಸಿಕೊಂಡೆ. ನಿಯಮ ಮುರಿದೆ ಅನ್ನುವವರು ಅನ್ನಲಿ. ಅಲ್ಲೇ ಗೋಡೆಗೆ ಕಾಗದ ಒತ್ತಿ ಹಿಡಿದು ತಾರೀಖು ಹಾಕಿದೆ.

ಚುನಾವಣಾ ಕಚೇರಿಗೆ ಹೋದಾಗ ಮೂರಕ್ಕೆ ಹತ್ತು ನಿಮಿಷ. ಕಾರ್ಯದರ್ಶಿಗಳೂ ಮಾಲೀಕನೂ ಒಂದೇ ಬೆಂಚಿನಲ್ಲಿ ಕೂತಿದ್ದರು. ಮಾಲೀಕನ ಕೈಯಲ್ಲಿ ಆಗಲೇ ಹೂವಿನ ಹಾರ ಇತ್ತು. ಯಾರಿಗೆ ಹಾಕಲು ತಂದಿದ್ದನೋ!

“ಎಲ್ಲಯ್ಯಾ ಪತ್ರ? ಬೇಗ ಕೊಡು” ಅಂದರು ಕಾರ್ಯದರ್ಶಿಗಳು.

ಕೊಟ್ಟೆ. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

“ಇದು… ಇದು ನನ್ನದು.”

“ಹೌದು ಸರ್. ಶಾಖೆ ಒಪ್ಪಿದೆ. ಒಂದು ಕೈಯೂ ವಿರೋಧ ಇಲ್ಲ. ನೀವು ಈಗ ಕಾರ್ಯದರ್ಶಿ ಅಲ್ಲ.”

“ಇದು ಶಿಸ್ತಿನ ಉಲ್ಲಂಘನೆ!”

“ಇದೇ ಶಿಸ್ತು ಸರ್. ಸಹಿ ನಿಮ್ಮದೇ.”

“ನಿಮ್ಮಕ್ಕನ ಅರ್ಜಿ ಎಲ್ಲಿ?”

“ಬಾಯ್ಲರಲ್ಲಿ.”

ಅವರು ಅಧಿಕಾರಿಯ ಮೇಜಿಗೆ ಓಡಿದರು. ಪಕ್ಷದ ಪರವಾಗಿ ಬೇರೆ ಕಾಗದ ಬರೆದುಕೊಡುತ್ತೇನೆ ಅಂದರು. ಅಭ್ಯರ್ಥಿಯ ಸಹಿ ಇಲ್ಲದೆ ಆಗಲ್ಲ ಅಂದ ಅಧಿಕಾರಿ. ಆಗಲೇ ಮೂರು ಹೊಡೆಯಿತು. ಅಧಿಕಾರಿ ಫೈಲು ಮುಚ್ಚಿ ಆಕಳಿಸಿದ. ಸಂಜೆ ರಾಜೀನಾಮೆಯ ಪ್ರತಿಯನ್ನು ಮೇಲಿನ ಸಮಿತಿಗೆ ಕಳಿಸಿದೆ. ಎರಡೇ ದಿನದಲ್ಲಿ ಒಪ್ಪಿಗೆ ಬಂತು. ಅವರೂ ಬಹಳ ದಿನದಿಂದ ಕಾಯುತ್ತಿದ್ದರಂತೆ.

ಅಕ್ಕನನ್ನು ಬಿಟ್ಟರೆ ಕಣದಲ್ಲಿ ಬೇರೆ ಯಾರೂ ಇರಲಿಲ್ಲ. ಅವಿರೋಧವಾಗಿ ಗೆದ್ದೆ ಅಂದುಕೊಂಡಿದ್ದ ಮಾಲೀಕ ಈಗ ವೋಟು ಕೇಳಲೇಬೇಕಾಯಿತು. ಎಲ್ಲಾ ಬೀದಿ ಸುತ್ತಿದ. ಕೊನೆಗೆ ಯಾರೋ ಹೇಳಿರಬೇಕು, ನಿಮ್ಮ ಹಾಲಿನಲ್ಲೇ ನೂರಾ ನಲವತ್ತು ವೋಟು ಇದೆಯಲ್ಲ ಅಂತ. ಮತದಾನಕ್ಕೆ ಮೂರು ದಿನ ಇರುವಾಗ, ಮಧ್ಯಾಹ್ನದ ಪಾಳಿಯಲ್ಲಿ ಬಂದ. ಅವನು ಆ ಬಾಗಿಲು ದಾಟಿದ್ದು ಅದೇ ಮೊದಲಂತೆ. ಫೋನು ಕಾರಿನಲ್ಲೇ ಬಿಟ್ಟಿದ್ದ, ಕೈಮುಗಿಯಲು ಎರಡೂ ಕೈ ಬೇಕಲ್ಲ.

ನಾನು ಕರಪತ್ರ ಹಿಡಿದು ಗೇಟಿನ ಹೊರಗಿದ್ದೆ. ಮಾಲೀಕ ಒಳಗೆ ಹೋದದ್ದೇ ಹೊಸ ವಾಚ್‌ಮನ್ ಅಭ್ಯಾಸಬಲದಿಂದ ಬೀಗ ಜಡಿದು ಬಂದ. ಇಬ್ಬರೂ ಎದುರಿನ ಅಂಗಡಿಯಲ್ಲಿ ಟೀ ಹಿಡಿದು ನಿಂತೆವು. ಐದು ನಿಮಿಷವಾಗಿರಬೇಕು. ಬಾಗಿಲು ಬಡಿಯುವ ಸದ್ದು ಶುರುವಾಯಿತು.

“ಯಾರೋ ಬಡೀತಿದಾರಲ್ಲ ಮಾರಾಯ” ಅಂದೆ.

“ದಿನಾ ಬಡೀತಾರೆ ಬಿಡಿ ಸರ್. ಒಂದಕ್ಕೆ ಹೋಗ್ಬೇಕು, ತಲೆ ಸುತ್ತತ್ತೆ, ಏನಾದ್ರೊಂದು.”

“ತೆಗೀರೋ! ನಾನ್ ಕಣೋ! ಉಸಿರು ಕಟ್ತಿದೆ!” ಗಂಡಸಿನ ದನಿ.

“ನಿಮ್ಮ ಸಾಹೇಬ್ರ ದನಿ ಇದ್ದಂಗಿದೆ?”

“ಸಾಹೇಬ್ರು ಒಳಗಿದಾರೆ ನಿಜ, ಆದ್ರೆ ಆ ಹೆಂಗಸ್ರು ಯಾರ ದನಿ ಬೇಕಾದ್ರೂ ತೆಗೀತಾರೆ” ಅಂದು ಅವನು ಟೀಗೆ ಊದಿದ. “ಮೊದಲಿದ್ದೋನು ಕರುಳು ಚುರುಕ್ ಅಂತು ಅಂತ ತೆಗೆದ. ಮನೇಲಿ ಕೂತಿದಾನೆ ಈಗ. ನಂಗೆ ಇಬ್ರು ಮಕ್ಕಳಿದಾರೆ ಸರ್. ಸೈರನ್ ಆಗೋವರೆಗೂ ಆ ದೇವ್ರೇ ಬಡಿದ್ರೂ ತೆಗೆಯಲ್ಲ.”

ಬಡಿತ ಜೋರಾಯಿತು. ನಡುವೆ ಅಕ್ಕನ ದನಿ ಕೇಳಿಸಿತು. ಕಬ್ಬಿಣದ ಬಾಗಿಲು ದಾಟಿಯೂ ಒಂದೊಂದು ಮಾತೂ ಸ್ಪಷ್ಟವಾಗಿತ್ತು.

“ಇನ್ನೂ ಜೋರಾಗಿ ಬಡೀರಿ ಸರ್. ಮೆತ್ತಗೆ ಬಡಿದ್ರೆ ಹೊರಗೆ ಕೇಳಿಸಲ್ಲ. ನಾವು ಹನ್ನೊಂದು ನಿಮಿಷ ಬಡಿದ್ವಿ.”

ಸೈರನ್ನಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ವಾಚ್‌ಮನ್‌ಗೆ ಇನ್ನೊಂದು ಟೀ ಹೇಳಿದೆ.